ಜಗಲಿ ಗೋಡೆಯ ಕೋವಿ: ಸೊಸೆ ಹೇಳಿದ್ದು ಸರಿ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ಕೊಪ್ಪ ತಾಲ್ಲೂಕಿನ ಅಡಿಕೆ ಬೆಳೆಗಾರ. ಮನೆಯಲ್ಲಿ ಎರಡು ಕೋವಿ ಇವೆ. ಒಂದು ಅಪ್ಪನ ಕಾಲದ ಕೇಪಿನ ಕೋವಿ, ನಳಿಗೆಯ ಬಾಯಿಯಿಂದ ಮದ್ದು ತುಂಬುವಂಥದ್ದು. ಇನ್ನೊಂದು ನನ್ನದು, ಜೋಡುನಳಿಗೆಯ ತೋಟಾ (ಕಾರ್ಟ್ರಿಜ್) ಕೋವಿ. ಎರಡನ್ನೂ ಬೆಳೆ ರಕ್ಷಣೆಗೆ ಅಂತ ಪಡೆದಿದ್ದು. ಜಗಲಿ ಗೋಡೆಯ ಗೂಟಕ್ಕೆ ನೇತುಹಾಕಿರುತ್ತೇವೆ. ನಾನು ಹುಟ್ಟಿದಾಗಿನಿಂದ ಅಲ್ಲೇ ಕೋವಿ ಇದೆ, ಇವತ್ತಿನವರೆಗೆ ಏನೂ ಆಗಿಲ್ಲ. ಈಗ ಬೆಂಗಳೂರಿನಲ್ಲಿರುವ ಸೊಸೆ ಫೋನ್ ಮಾಡಿ, "ಮಾವ, ಆ ಕೋವಿಗಳನ್ನು ಬೀಗ ಹಾಕಿ ಇಟ್ಟರೆ ಮಾತ್ರ ಮಕ್ಕಳನ್ನು ರಜೆಗೆ ಕಳಿಸುತ್ತೇನೆ" ಅಂದಳು. ನನಗೆ ಬೇಸರವಾಯಿತು. ಪೆಟ್ಟಿಗೆಯೊಳಗೆ ಇಟ್ಟರೆ ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ. ರಾತ್ರಿ ಹಂದಿ ಗದ್ದೆಗೆ ಇಳಿದಾಗ ಬೀಗದ ಕೈ ಹುಡುಕುತ್ತಾ ಕೂರಲಿಕ್ಕೆ ಆಗುತ್ತದಾ? ಅಪ್ಪ ಹೋಗಿ ನಾಲ್ಕು ವರ್ಷ ಆಯಿತು. ಅವರ ಕೋವಿಯ ಲೈಸೆನ್ಸ್ ಇನ್ನೂ ಅವರ ಹೆಸರಿನಲ್ಲೇ ಇದೆ. ಸೊಸೆಗೆ ಏನು ಹೇಳಲಿ? ಹಾಗೆಯೇ ಮಂಗಗಳ ಕಾಟಕ್ಕೆ ಗುಂಡು ಹೊಡೆಯದೆ ಏನಾದರೂ ದಾರಿ ಇದ್ದರೆ ತಿಳಿಸಿ. (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ

ಹಿರಿಯರೇ, ಮೊದಲೇ ಹೇಳಿಬಿಡುತ್ತೇನೆ. ಸೊಸೆಯ ಮಾತು ಸರಿ. ಅವಳು ನಿಮ್ಮ ಮೇಲೆ ಅನುಮಾನಪಟ್ಟು ಹೇಳಿದ್ದಲ್ಲ, ಕೋವಿ ಇರುವ ಜಾಗ ನೋಡಿ ಹೇಳಿದ್ದು.

"ಇವತ್ತಿನವರೆಗೆ ಏನೂ ಆಗಿಲ್ಲ" ಅಂದಿರಿ. ಒಪ್ಪುತ್ತೇನೆ. ಆದರೆ ನೀವು ಹುಡುಗರಾಗಿದ್ದಾಗ ಆ ಜಗಲಿ ಹೇಗಿತ್ತು ಅಂತ ಒಮ್ಮೆ ನೆನೆಸಿಕೊಳ್ಳಿ. ಯಾವಾಗ ನೋಡಿದರೂ ಒಬ್ಬರಲ್ಲ ಒಬ್ಬರು ಹಿರಿಯರು ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕೂತಿರುತ್ತಿದ್ದರು. ಕೋವಿ ಒರೆಸುವುದನ್ನು, ಎಣ್ಣೆ ಹಚ್ಚುವುದನ್ನು, ಮಸಿ (ಸಿಡಿಮದ್ದಿನ ಪುಡಿ) ತುಂಬುವುದನ್ನು ನೋಡುತ್ತಲೇ ನೀವು ಬೆಳೆದಿರಿ. ಮುಟ್ಟಿದರೆ ಬೆನ್ನಿಗೆ ಬೀಳುತ್ತದೆ ಅಂತಲೂ ಗೊತ್ತಿತ್ತು. ಈಗ ಅದೇ ಮನೆಯಲ್ಲಿ ಇರುವುದು ನೀವಿಬ್ಬರೇ. ಮಧ್ಯಾಹ್ನ ಇಬ್ಬರೂ ಒಳಗೆ ಮಲಗಿದರೆ ಜಗಲಿಯಲ್ಲಿ ನರಪಿಳ್ಳೆ ಇಲ್ಲ. ಅಡಿಕೆ ಕೊನೆ ಕೊಯ್ಲಿಗೆ ಬರುವವರಲ್ಲಿ ಅರ್ಧ ಜನ ಹೊಸಬರು. ಮೊಮ್ಮಕ್ಕಳು ಬಂದೂಕು ನೋಡಿರುವುದು ಮೊಬೈಲ್ ಆಟದಲ್ಲಿ. ಅಲ್ಲಿ ಸತ್ತವರು ಮುಂದಿನ ಆಟಕ್ಕೆ ಎದ್ದು ಬರುತ್ತಾರೆ. ಗೂಟ ಅದೇ, ಕೋವಿ ಅದೇ. ಸುತ್ತಲಿನ ಮನೆ ಮಾತ್ರ ಮೊದಲಿನದಲ್ಲ.

2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ನಡೆದದ್ದನ್ನು ಪೇಪರಿನಲ್ಲಿ ಓದಿರುತ್ತೀರಿ. ಅದೊಂದು ಕೋಳಿ ಫಾರಂ. ಬಂದೂಕಿಗೆ ಲೈಸೆನ್ಸ್ ಇತ್ತು. ಕೈಗೆ ಸಿಗುವ ಹಾಗೆ ಇಟ್ಟಿದ್ದ ಅದನ್ನು ಹದಿಹರೆಯದ ಹುಡುಗನೊಬ್ಬ ಎತ್ತಿಕೊಂಡ. ಗುಂಡು ಹಾರಿತು, ಕೂಲಿಗೆ ಬಂದಿದ್ದವರ ಪುಟ್ಟ ಮಗು ಸತ್ತಿತು. ಆ ಹುಡುಗ ಕೊಲೆಗಾರನಲ್ಲ. ಸುಮ್ನೆ ಮುಟ್ಟಿ ನೋಡಿದ, ಅಷ್ಟೇ.

"ಮುಟ್ಟಬೇಡಿ ಅಂತ ಮಕ್ಕಳಿಗೆ ಹೇಳಿದರೆ ಸಾಲದಾ?" ಅಂತ ಕೇಳಬಹುದು. ಸಾಲದು. 2001ರಲ್ಲಿ ಅಮೆರಿಕದ ಮಕ್ಕಳ ವೈದ್ಯರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. 8ರಿಂದ 12 ವರ್ಷದ ಹುಡುಗರನ್ನು ಒಂದು ಕೋಣೆಯಲ್ಲಿ ಆಡಲು ಬಿಟ್ಟು, ಅಲ್ಲಿನ ಡ್ರಾಯರ್‌ನಲ್ಲಿ ಗುಂಡು ಹಾರದ ಹಾಗೆ ಮಾಡಿದ ನಿಜವಾದ ಪಿಸ್ತೂಲು ಇಟ್ಟಿದ್ದರು. ಅದು ಕಣ್ಣಿಗೆ ಬಿದ್ದ ಹುಡುಗರಲ್ಲಿ ಹೆಚ್ಚಿನವರು ಎತ್ತಿಕೊಂಡರು. ಎಷ್ಟೋ ಜನ ಟ್ರಿಗರ್ ಎಳೆದೇಬಿಟ್ಟರು. ಹೀಗೆ ಮಾಡಿದವರಲ್ಲಿ ಬಹುಪಾಲು ಹುಡುಗರಿಗೆ ಮೊದಲೇ ಬಂದೂಕಿನ ಬಗ್ಗೆ ಬುದ್ಧಿ ಹೇಳಿಯಾಗಿತ್ತು. ಹಾಗಂತ ಹೇಳುವುದನ್ನು ಬಿಡಬೇಡಿ. "ಕೋವಿ ಕಂಡರೆ ಮುಟ್ಟಬೇಡಿ, ಅಲ್ಲಿಂದ ಎದ್ದು ಬಂದು ದೊಡ್ಡವರಿಗೆ ಹೇಳಿ" ಅಂತ ಹೇಳಿಯೇ ಹೇಳಿ. ಆದರೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಈಗ ನಿಮ್ಮ ಕೇಪಿನ ಕೋವಿಗೆ ಬರುತ್ತೇನೆ. ನನಗೆ ಜಾಸ್ತಿ ಭಯ ಇರುವುದು ಅದರ ಮೇಲೆಯೇ. ತೋಟಾ ಕೋವಿಯಾದರೆ ಮಡಚಿ ನೋಡಿದ ತಕ್ಷಣ ತುಂಬಿದೆಯೋ ಖಾಲಿಯೋ ಗೊತ್ತಾಗುತ್ತದೆ. ಕೇಪಿನ ಕೋವಿಯಲ್ಲಿ ಹಾಗಿಲ್ಲ. ಬಾಯಿಯಿಂದ ಮಸಿ, ಮೇಲೆ ತುರುಕು (ಅದುಮಿಡುವ ಉಂಡೆ), ಆಮೇಲೆ ಚರೆ (ಸೀಸದ ಕಾಳು), ಮತ್ತೆ ತುರುಕು ಹಾಕಿ ಗಜದಿಂದ, ಅಂದರೆ ಉದ್ದನೆಯ ಸಲಾಕೆಯಿಂದ, ಜಡಿದ ಮೇಲೆ ಹೊರಗಿನಿಂದ ಏನೂ ಕಾಣುವುದಿಲ್ಲ. ಒಮ್ಮೆ ತುಂಬಿದ ಈಡನ್ನು, ಅಂದರೆ ಈ ಮಸಿ, ಚರೆಯನ್ನು, ತೆಗೆಯುವ ಸುಲಭದ ದಾರಿ ಹೊಡೆಯುವುದೊಂದೇ. ಹಾಗಾಗಿ ರಾತ್ರಿ ತುಂಬಿಸಿ ಹೊರಟು, ಹಂದಿ ಸಿಗದೆ ವಾಪಸ್ ಬಂದವರು ಕೇಪು (ಮಸಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಮಾತ್ರ ತೆಗೆದು ಕೋವಿಯನ್ನು ಹಾಗೇ ಗೂಟಕ್ಕೆ ಹಾಕುತ್ತಾರೆ. "ಕೇಪಿಲ್ಲವಲ್ಲ, ಏನೂ ಆಗಲ್ಲ" ಎಂಬ ಧೈರ್ಯ. ಕೇಪಿನ ಡಬ್ಬಿ ಎಲ್ಲಿರುತ್ತದೆ? ಪಕ್ಕದ ಗೋಡೆಗೂಡಿನಲ್ಲಿ! ಇನ್ನು ಕೆಲವರು ಕೇಪನ್ನೂ ತೆಗೆಯದೆ ಕುದುರೆಯನ್ನು (ಕೇಪಿಗೆ ಬಡಿಯುವ ಸುತ್ತಿಗೆಯನ್ನು) ಮೆತ್ತಗೆ ಅದರ ಮೇಲೆ ಇಳಿಸಿ ನೇತುಹಾಕುತ್ತಾರೆ. ಕೋವಿ ಗೂಟದಿಂದ ಜಾರಿ ಕುದುರೆ ನೆಲಕ್ಕೆ ಬಡಿದರೆ ಸಾಕು. ಟ್ರಿಗರ್ ಎಳೆಯಲು ಯಾರೂ ಬೇಕಾಗಿಲ್ಲ.

ಅಪ್ಪನ ಕೋವಿ ಈಗ ತುಂಬಿದೆಯೋ ಖಾಲಿಯೋ ಎಂದು ನೀವು ಬರೆದಿಲ್ಲ. ಗೊತ್ತಿಲ್ಲದಿದ್ದರೆ ತುಂಬಿದೆ ಅಂತಲೇ ಇಟ್ಟುಕೊಳ್ಳಿ. ನೋಡುವುದು ಹೀಗೆ. ಮನೆಯವರನ್ನೆಲ್ಲ ಒಳಗೆ ಕಳಿಸಿ, ಕೋವಿಯನ್ನು ಅಂಗಳಕ್ಕೆ ತನ್ನಿ. ಬಾಯಿ ಯಾವತ್ತೂ ಖಾಲಿ ಧರೆಯ (ಮಣ್ಣಿನ ದಿಬ್ಬದ) ಕಡೆಗೇ ಇರಲಿ. ಮೊದಲು ಕೇಪು ಇದೆಯೇ ನೋಡಿ, ಇದ್ದರೆ ತೆಗೆಯಿರಿ. ಆಮೇಲೆ ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಬಿಡಿ. ಮುಖವನ್ನಾಗಲಿ ಅಂಗೈಯನ್ನಾಗಲಿ ಬಾಯಿಗೆ ಅಡ್ಡ ತರಬೇಡಿ, ಎರಡು ಬೆರಳಲ್ಲಿ ಪಕ್ಕದಿಂದ ಹಿಡಿದರೆ ಸಾಕು. ಒಳಗೆ ಎಷ್ಟು ಹೋಯಿತು ಅಂತ ಗುರುತು ಮಾಡಿ, ಗಜವನ್ನು ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಿ. ಗಜದ ತುದಿ ಕೇಪು ಕೂರುವ ಜಾಗದ ಹತ್ತಿರಕ್ಕೆ ಬಂದರೆ ಖಾಲಿ. ಮೂರ್ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಈಡಿದೆ. ಖಾಲಿ ಅಂತ ಖಚಿತವಾದ ದಿನ ಗಜಕ್ಕೆ ಬಾಯಿಯ ಮಟ್ಟದಲ್ಲಿ ಒಂದು ಗೀರು ಹಾಕಿಡಿ. ಮುಂದೆ ಯಾರು ಬೇಕಾದರೂ ಒಂದೇ ನೋಟಕ್ಕೆ ತಿಳಿಯಬಹುದು.

ಒಳಗೆ ಹಳೆಯ ಈಡು ಇದ್ದರೆ ಹೊಡೆದು ಖಾಲಿ ಮಾಡಲು ಹೋಗಬೇಡಿ. ನಾಲ್ಕು ಮಳೆಗಾಲ ಕಂಡ ನಳಿಗೆ ಒಳಗಿಂದ ಎಷ್ಟು ಸವೆದಿದೆಯೋ ಯಾರಿಗೆ ಗೊತ್ತು. ಗೋಡೆಗೆ ನೇತುಹಾಕಿದ ಕೋವಿಯ ಬಾಯಲ್ಲಿ ಕಡಜದ ಹುಳ ಮಣ್ಣಿನ ಗೂಡು ಕಟ್ಟುವುದೂ ಉಂಟು. ನಳಿಗೆ ಕಟ್ಟಿಕೊಂಡಿದ್ದಾಗ ಹೊಡೆದರೆ ನಳಿಗೆಯೇ ಸಿಡಿಯುತ್ತದೆ, ಎಡಗೈ ಬೆರಳು ಹೋಗುತ್ತವೆ. ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದಲೇ ಆ ಈಡನ್ನು ತೆಗೆಸಿ.

ನಿಮ್ಮ ಜೋಡುನಳಿಗೆಯದು ಇಷ್ಟು ತಲೆನೋವಿಲ್ಲ. ಮನೆಯೊಳಗೆ ಬರುವ ಮೊದಲೇ, ಅಂಗಳದಲ್ಲೇ ಮಡಚಿ ಎರಡೂ ತೋಟಾ ತೆಗೆಯಿರಿ. ನಳಿಗೆಯೊಳಗಿಂದ ಬೆಳಕು ಕಾಣುತ್ತದೆಯೇ ನೋಡಿ. ಕತ್ತಲಾಗಿದ್ದರೆ ತೋಟಾ ಕೂರುವ ಜಾಗಕ್ಕೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಸೇಫ್ಟಿ ಹಾಕಿದ್ದೇನೆ ಅಂತ ತುಂಬಿದ ಕೋವಿಯನ್ನು ಒಳಗೆ ತರಬೇಡಿ. ಹಳೆಯ ಜೋಡುನಳಿಗೆಗಳಲ್ಲಿ ಸೇಫ್ಟಿ ತಡೆಯುವುದು ಸಾಮಾನ್ಯವಾಗಿ ಟ್ರಿಗರನ್ನು ಮಾತ್ರ. ಕೋವಿ ಜೋರಾಗಿ ಬಿದ್ದರೆ ಅದನ್ನು ನಂಬುವಂತಿಲ್ಲ.

ಕೋವಿ ಇಡಲು ಉಕ್ಕಿನ ಬೀರು ಇದ್ದರೆ ಒಳ್ಳೆಯದು. ಅದನ್ನು ಗೋಡೆಗೆ ಬೋಲ್ಟ್ ಹಾಕಿಸಿ. ಇಲ್ಲದಿದ್ದರೆ ಖರ್ಚಿಲ್ಲದ ದಾರಿಯೊಂದಿದೆ. ಜೋಡುನಳಿಗೆ ಕೋವಿಯ ಕೆಳಗಿನ ಮರದ ತುಂಡನ್ನು ಕಳಚಿ, ಮಡಚಿದರೆ ನಳಿಗೆ ಬೇರೆ, ಹಿಡಿ ಬೇರೆಯಾಗಿ ಬರುತ್ತದೆ. ಒರೆಸಲು ನೀವೇ ಎಷ್ಟೋ ಸಲ ಬಿಚ್ಚಿರುತ್ತೀರಿ. ನಳಿಗೆಯನ್ನು ಮೆತ್ತಿನ (ಮಹಡಿಯ) ಟ್ರಂಕಿನಲ್ಲಿಟ್ಟು ಬೀಗ ಹಾಕಿ. ಹಿಡಿಯನ್ನು ನಿಮ್ಮ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ. ತೋಟಾಗಳನ್ನು ಮೂರನೇ ಜಾಗದಲ್ಲಿ, ಅದಕ್ಕೂ ಬೀಗ. ಒಂದು ಬೀಗ ತೆರೆದವನಿಗೆ ಸಿಗುವುದು ಕಬ್ಬಿಣದ ಕೊಳವೆ ಅಥವಾ ಮರದ ತುಂಡು, ಅಷ್ಟೇ.

ಬೀಗದ ಕೈ ಎಲ್ಲಿಡುತ್ತೀರಿ? ದೇವರ ಮನೆಯ ಕ್ಯಾಲೆಂಡರ್ ಹಿಂದೆ, ಅಕ್ಕಿ ಡಬ್ಬಿಯಲ್ಲಿ, ಬಾಗಿಲ ಮೇಲಿನ ಪಟ್ಟಿಯಲ್ಲಿ: ಈ ಮೂರು ಜಾಗ ಮಲೆನಾಡಿನ ಮಕ್ಕಳಿಗೆಲ್ಲ ಗೊತ್ತು. ಚಾಕಲೇಟ್ ಹುಡುಕುವಾಗಲೇ ಕಂಡುಹಿಡಿದಿರುತ್ತಾರೆ. ಕೈ ನಿಮ್ಮ ಉಡಿದಾರದಲ್ಲೇ ಇರಲಿ.

ತುಕ್ಕಿನ ಮಾತು ನಿಜ. ಕೊಪ್ಪದ ಆಷಾಢದಲ್ಲಿ ಕಬ್ಬಿಣ ಹೇಗಾಗುತ್ತದೆ ಅಂತ ನನಗೂ ಗೊತ್ತು. ಆದರೆ ತುಕ್ಕು ಹಿಡಿಸುವುದು ಪೆಟ್ಟಿಗೆಯಲ್ಲ, ತೇವ. ಜಗಲಿಯಲ್ಲಿ ನೇತುಹಾಕಿದ ಕೋವಿಗೂ ಇರಚಲು ಹೊಡೆದೇ ಹೊಡೆಯುತ್ತದೆ ಅಲ್ವಾ? ಕೋವಿ ಕೆಡುವುದು ಜಾಸ್ತಿ ಬಟ್ಟೆಯ ಚೀಲದಲ್ಲಿ, ಸ್ಪಂಜು ಹಾಕಿದ ಕೇಸಿನಲ್ಲಿ. ಅವು ನೀರು ಹೀರಿಕೊಂಡು ನಳಿಗೆಗೆ ಅಂಟಿಕೊಂಡು ಕೂರುತ್ತವೆ. ಚೀಲ ಇರುವುದು ಕೋವಿ ಒಯ್ಯಲು, ಇಡಲಿಕ್ಕಲ್ಲ. ಟ್ರಂಕಿನೊಳಗೆ ಬರಿಯ ನಳಿಗೆಯನ್ನು ಎರಡು ಮರದ ಪಟ್ಟಿಗಳ ಮೇಲೆ ಎತ್ತರಿಸಿ ಇಡಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕಾರು ಹಾಕಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ, ತೆಳ್ಳಗೆ ಕೋವಿ ಎಣ್ಣೆ ಸವರಿ. ಬರಿಗೈಯಲ್ಲಿ ಮುಟ್ಟಿದ ಕಡೆಯೆಲ್ಲ ಬೆವರಿನ ಉಪ್ಪು ಉಳಿಯುತ್ತದೆ, ಕೊನೆಗೊಮ್ಮೆ ಎಣ್ಣೆ ಬಟ್ಟೆ ಆಡಿಸಿ. ಕೇಪಿನ ಕೋವಿಯದು ಇನ್ನೂ ಸೂಕ್ಷ್ಮ. ಕರಿ ಮಸಿ ಉರಿದು ಉಳಿದ ಕಿಟ್ಟ ತೇವವನ್ನು ಎಳೆದುಕೊಳ್ಳುತ್ತದೆ. ಹೊಡೆದ ದಿನವೇ ಬಿಸಿನೀರು, ಸೋಪು ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ ಎಣ್ಣೆ ಹಾಕದಿದ್ದರೆ ಬೆಳಗಾಗುವುದರೊಳಗೆ ಒಳಗೆ ಕೆಂಪಾಗಿರುತ್ತದೆ. ಇಷ್ಟು ಮಾಡುವವರಿಗೆ ಪೆಟ್ಟಿಗೆಯೇ ಗೋಡೆಗಿಂತ ವಾಸಿ.

ಒಂದು ಎಚ್ಚರಿಕೆ. ಬೆಚ್ಚಗಿರಲಿ ಅಂತ ಮಸಿಯನ್ನೋ ತೋಟಾವನ್ನೋ ಬಚ್ಚಲೊಲೆಯ ಹತ್ತಿರ, ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಕರಿ ಮಸಿಗೆ ಒಂದು ಕಿಡಿ ಸಾಕು. ಒದ್ದೆಯಾದ ತೋಟಾ ಬಿಸಿಲಿಗಿಟ್ಟು ಒಣಗಿಸಿ ಮತ್ತೆ ಬಳಸುವುದೂ ಬೇಡ. ಉಬ್ಬಿದ, ಹಸಿರು ಕಿಲುಬು ಹಿಡಿದ ತೋಟಾಗಳನ್ನು ಕೆರೆಗೆ ಎಸೆಯಬೇಡಿ, ಕಸದ ಜೊತೆ ಸುಡಲೂ ಬೇಡಿ. ಲೈಸೆನ್ಸ್ ಇರುವ ಅಂಗಡಿಯವರನ್ನೋ ಠಾಣೆಯನ್ನೋ ಕೇಳಿ ಒಪ್ಪಿಸಿ. ತಿಂಗಳಿಗೊಮ್ಮೆ ತೋಟಾ ಎಣಿಸಿ ಪುಸ್ತಕದಲ್ಲಿ ಬರೆದಿಡಿ. ಒಂದು ಕಡಿಮೆ ಬಂದರೆ ಅಂಗಿ ಜೇಬು, ಜೀಪಿನ ಡ್ಯಾಶ್‌ಬೋರ್ಡ್, ಪಂಪ್ ಶೆಡ್ಡು, ಇವಿಷ್ಟನ್ನು ನೋಡಿಯೇ ಊಟಕ್ಕೆ ಕೂತುಕೊಳ್ಳಿ.

ಹಂದಿ ಬಂದಾಗ ಏನು ಮಾಡುವುದು? ಹಂದಿಯ ಸದ್ದು ಕೇಳಿ, ಎದ್ದು, ಟಾರ್ಚ್ ಹುಡುಕಿ, ಕಂಬಳಿ ಹೊದ್ದು, ನಾಯಿ ಬಿಚ್ಚಿ ಹೊರಡುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ನಿಮಗೇ ಗೊತ್ತು. ಮೂರು ಬೀಗ ತೆಗೆದು ಕೋವಿ ಜೋಡಿಸುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಡ. ಪೈರು ಹಾಲುಗಟ್ಟುವ ದಿನಗಳಲ್ಲಿ ರಾತ್ರಿಯಿಡೀ ಕಾವಲು ಇದ್ದರೆ ಕೋವಿ ನಿಮ್ಮ ಜೊತೆಗೇ ಅಟ್ಟಣೆಯಲ್ಲಿರಲಿ, ಬೆಳಿಗ್ಗೆ ನಿಮ್ಮ ಜೊತೆಗೇ ವಾಪಸ್ ಬಂದು ಬೀಗದೊಳಗೆ ಹೋಗಲಿ. ಮಧ್ಯೆ ಪಂಪ್ ಶೆಡ್ಡಿನ ಮೂಲೆಯಲ್ಲಿ ಒರಗಿಸಿ ತಿಂಡಿಗೆ ಬರುವುದಿದೆಯಲ್ಲ, ಅನಾಹುತ ಆಗುವುದೇ ಅಲ್ಲಿ. ಅಟ್ಟಣೆ ಹತ್ತುವಾಗ, ಬೇಲಿ ದಾಟುವಾಗ, ಸಂಕ (ಕಾಲುಸೇತುವೆ) ದಾಟುವಾಗ ತೋಟಾ ತೆಗೆದಿರಲಿ. ಪೊದೆ ಅಲ್ಲಾಡಿತು ಅಂತ ಸದ್ದಿಗೆ ಗುಂಡು ಹೊಡೆದು ಪಕ್ಕದ ತೋಟದವನನ್ನೇ ಕೊಂದ ಕತೆ ನಮ್ಮ ಕಡೆ ಹೊಸದೇನಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಗೆ ಪರವಾನಗಿ ಅಲ್ಲ ಎಂಬುದು ನಿಮಗೆ ಗೊತ್ತಿರುವ ವಿಷಯ. 1972ರ ವನ್ಯಜೀವಿ ಕಾಯ್ದೆ ಲೈಸೆನ್ಸ್ ಇದ್ದವರಿಗೂ ಅನ್ವಯಿಸುತ್ತದೆ.

ನೀವು ಕೇಳದ ವಿಷಯ ಒಂದಿದೆ. ಅದನ್ನು ಹೇಳದೆ ಈ ಉತ್ತರ ಮುಗಿಸಲಾರೆ. ಮನೆಯಲ್ಲಿ ಕೋವಿ ಇದ್ದರೆ ನಾವು ಯೋಚಿಸುವುದು ಕಳ್ಳರನ್ನು, ಮಕ್ಕಳನ್ನು. ಮನೆಯವರೇ ಮನಸ್ಸು ಕುಗ್ಗಿ ಕೂತಿದ್ದಾಗ ಅದು ಎಂಥ ಅಪಾಯ ಎಂದು ಯೋಚಿಸುವುದಿಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಬಂದಿದೆ, ಸೊಸೈಟಿ ಸಾಲ ಬೆಳೆದಿದೆ, ಊಟ ಸೇರುತ್ತಿಲ್ಲ, ಯಾರ ಜೊತೆಯೂ ಮಾತಿಲ್ಲ: ಇಂಥವರು ಮನೆಯಲ್ಲಿ ಇದ್ದರೆ, ಅದು ನೀವೇ ಆಗಿದ್ದರೂ ಸರಿ, ಕೋವಿ ಮನೆಯಲ್ಲೇ ಇರಬಾರದು. ಬೀಗವೂ ಸಾಲದು. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠಾಣೆಯಲ್ಲೋ ಕೇಳಿ ಕೆಲವು ತಿಂಗಳು ಇರಿಸಿ. ಸಾಯಬೇಕು ಅನ್ನಿಸುವ ಗಳಿಗೆ ಹೆಚ್ಚಿನವರಲ್ಲಿ ಬಂದು ಹೋಗುವಂಥದ್ದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜನ ಉಳಿಯುತ್ತಾರೆ. ಕ್ರಿಮಿನಾಶಕದ ಡಬ್ಬಿಗೂ ಇದೇ ಮಾತು. ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜಮೀನಿನ ಜಗಳ ಕಾವೇರಿದಾಗ, ಮನೆಯಲ್ಲಿ ಕುಡಿತ ಇದ್ದಾಗಲೂ ಕೋವಿ ಹೊರಗಿರುವುದೇ ಒಳ್ಳೆಯದು.

ಇನ್ನು ಲೈಸೆನ್ಸ್. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಅಪ್ಪ ತೀರಿಕೊಂಡ ಮೇಲೆ ಅವರ ಲೈಸೆನ್ಸಿನಲ್ಲಿ ಕೋವಿ ಇಟ್ಟುಕೊಳ್ಳುವ ಹಕ್ಕು ನಿಮಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕಿತ್ತು. ನಾಲ್ಕು ವರ್ಷ ಗೋಡೆಯಲ್ಲಿ ನೇತಾಡಿದ್ದು ಕಾನೂನಿನ ಕಣ್ಣಿಗೆ ಲೈಸೆನ್ಸ್ ಇಲ್ಲದ ಕೋವಿ. ಹೆದರಿ ಮುಚ್ಚಿಡಬೇಡಿ, ಹುಲ್ಲಿನ ಮೆದೆಗೆ ಸೇರಿಸುವ ಬುದ್ಧಿಯಂತೂ ಬೇಡವೇ ಬೇಡ. ಗೊತ್ತಿರುವ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು ಈ ವಾರವೇ ಠಾಣೆಗೆ ಹೋಗಿ, ಒಪ್ಪಿಸಿ, ರಸೀದಿ ಪಡೆಯಿರಿ. ಆಮೇಲೆ ಬೇಕಿದ್ದರೆ ವಾರಸುದಾರ ಎಂದು ಡಿಸಿ ಕಚೇರಿಗೆ ಅರ್ಜಿ ಹಾಕಬಹುದು. ಮರಣ ಪತ್ರ, ವಂಶವೃಕ್ಷ, ಹಳೆಯ ಲೈಸೆನ್ಸ್, ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆ ಪತ್ರ ಹೊಂದಿಸಿಡಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ಮೊದಲು ಮೂರಿತ್ತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ನಿಮಗೆ ಎಪ್ಪತ್ತಾಗಿದ್ದರೆ ನಿಮ್ಮ ಕೋವಿಯನ್ನು ಬದುಕಿರುವಾಗಲೇ ಮಗನ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮಗ ಬೇಡ ಅಂದರೆ ಡೀಲರ್ ಮೂಲಕ ಮಾರಿಬಿಡಿ. ನನ್ನನ್ನು ಕೇಳಿದರೆ ಅಪ್ಪನ ಕೇಪಿನ ಕೋವಿ ಮನೆಗೆ ವಾಪಸ್ ಬರುವುದು ಬೇಡ. ಜೋಡುನಳಿಗೆ ಇರುವಾಗ ಅದರಿಂದ ಏನು ಉಪಯೋಗ? ಅಪ್ಪನ ನೆನಪಿಗೆ ಬೇರೆ ವಸ್ತುಗಳು ಬೇಕಾದಷ್ಟು ಇರುತ್ತವೆ.

ಕೊಡಗಿನವರ ಮಾತು ಬೇರೆ ಅಂತ ಯಾರಾದರೂ ಹೇಳುತ್ತಾರೆ, ನನಗೆ ಗೊತ್ತು. ಹೌದು, ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅಲ್ಲಿನ ಹಳೆಯ ಪದ್ಧತಿ ಗಮನಿಸಿ. ನಾಟಿ ಕೆಲಸದ ದಿನಗಳಲ್ಲಿ ತೋಕನ್ನು (ಕೋವಿಯನ್ನು) ಕನ್ನಿಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ಹೊರಗೆ ತೆಗೆಯುವುದು ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ, ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡಿ. ವಿನಾಯಿತಿ ಇರುವುದು ಲೈಸೆನ್ಸಿಗೆ, ಎಚ್ಚರಿಕೆಗಲ್ಲ. ನೀವೂ ಆಯುಧಪೂಜೆಗೆ ಕೋವಿ ಇಡುತ್ತೀರಲ್ಲ? ಮಡಚಿ ನೋಡಿ, ಖಾಲಿ ಅಂತ ಖಚಿತ ಮಾಡಿಕೊಂಡೇ ಇಡಿ. ಮಂಗಳಾರತಿ ಆದ ಮೇಲೆ ಬೀಗದೊಳಗೆ ಹೋಗಲಿ. ಅಳಿಯಂದಿರು ಹಿಡಿದುಕೊಂಡು ಫೋಟೊ, ರೀಲ್ಸ್ ಮಾಡುವುದೆಲ್ಲ ಬೇಡ. ಮದುವೆ, ಜಾತ್ರೆಗಳಲ್ಲಿ ಖುಷಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಈಗ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಇವೆ.

ಸೊಸೆಗೆ ಏನು ಹೇಳಲಿ ಅಂದಿರಿ. ಅಪ್ಪನ ಕೋವಿ ಠಾಣೆಗೆ ಹೋಯಿತು, ಜೋಡುನಳಿಗೆ ಬಿಚ್ಚಿ ಬೀಗ ಹಾಕಿದೆ, ಗೋಡೆಯ ಗೂಟ ಕಿತ್ತಿದ್ದೇನೆ ಅಂತ ಫೋನ್ ಮಾಡಿ. ಬೇಸರವಾಗಿದ್ದನ್ನು ಹೇಳಬೇಕಾಗಿಲ್ಲ. ಮಕ್ಕಳು ಬಂದ ಮೇಲೆ ಪಕ್ಕದ ಮನೆಗೆ ಆಡಲು ಹೋಗುತ್ತಾರೆ. ಅಲ್ಲಿಯೂ ಕೋವಿ ಇರಬಹುದು, ಬಾವಿ ಬಾಗಿಲಿನ ಬಗ್ಗೆ ಕೇಳುವ ಹಾಗೆ ಅದನ್ನೂ ಕೇಳಿಬಿಡಿ. ನೀವು ಕೇಳಿದರೆ ಅವರು ತಪ್ಪು ತಿಳಿಯಲಾರರು.

ಮಂಗಗಳ ವಿಷಯ ದೊಡ್ಡದು. ಕೊಪ್ಪ, ಹೊಸನಗರ, ಸಿದ್ದಾಪುರದ ಕಡೆಯಿಂದ ಅದೇ ಪ್ರಶ್ನೆಯ ಪತ್ರಗಳು ಇನ್ನೂ ಬಂದಿವೆ. ಎಲ್ಲಕ್ಕೂ ಒಟ್ಟಿಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.